ಒತ್ತಿ ಹಿಡಿದರೆ

ಪೋರ್ಚುಗಲ್ಲಿನ ಈ ತೆಂಕಣ ತುದಿಯಲ್ಲಿ
ಪ್ಲಾಸ್ಟಿಕ್ ಮಾಡಿನಡಿ ದುಡಿಯುವವರಿಗೆ
ಕ್ಲಾಸಿಗೆ ಬರಲು ಪುರುಸೊತ್ತೆಲ್ಲಿ.
ಹಣ್ಣಿಗೇನು ಗೊತ್ತು ಗಂಟೆ ಎಷ್ಟೆಂದು?
ಅದಕ್ಕೇ ವಾಟ್ಸಾಪಿನಲ್ಲೊಂದು ಗುಂಪು ಮಾಡಿದೆ,
ಹೆಸರು: ದಿನಕ್ಕೊಂದು ಸಾಲು.

ಕಟ್ಟಳೆ ಎರಡೇ. ದನಿ ಕಳಿಸುವಂತಿಲ್ಲ.
ಹೆಬ್ಬೆರಳು ಎತ್ತಿ ತೋರಿಸಿದರೆ ಅದು ವಾಕ್ಯವಲ್ಲ.
ಕರ್ತೃ ಬೇಕು, ಕ್ರಿಯೆ ಬೇಕು,
ಕೊನೆಗೊಂದು ಚುಕ್ಕಿ.

ಕೆಂಪು ಶಾಯಿ ಇಲ್ಲ ನನ್ನ ಬಳಿ.
ತಪ್ಪಿನ ಕೆಳಗೆ ಸರಿಯನ್ನು ಸುಮ್ಮನೆ ಮತ್ತೆ ಬರೆಯುತ್ತೇನೆ,
ಮಗು ಬೀಳಿಸಿದ ಚಮಚ ಎತ್ತಿ
ತಟ್ಟೆಯ ಪಕ್ಕ ಇಟ್ಟ ಹಾಗೆ.
ಕೆಂಪು ಏನಿದ್ದರೂ ಅವರ ಬೆರಳಲ್ಲಿ:
ರಾಸ್ಪ್‌ಬೆರಿ ಬಿಡಿಸಿದ ಕೈ, ಗಾಜಿನ ಮೇಲೆ ಕಲೆ,
ಎ ಒತ್ತಿದರೆ ಎಸ್ ಬೀಳುತ್ತದೆ.

'ಅವೋ' ಅಂದರೆ ಅಜ್ಜನೋ ಅಜ್ಜಿಯೋ, ಕೇಳಿದ ಖೇಮ್ ಪುನ್.
ಇಬ್ಬರಿಗೂ ಅವವೇ ಮೂರಕ್ಷರ;
ಕೊನೆಯದರ ತಲೆ ಮೇಲೆ ಗೀರಿದ್ದರೆ ಅಜ್ಜಿ,
ಟೋಪಿಯಿದ್ದರೆ ಅಜ್ಜ.
ಟೋಪಿ ನನ್ನ ಫೋನಿನಲ್ಲಿ ಇಲ್ಲ ಟೀಚರ್.
ಒತ್ತಿ ಹಿಡಿ, ಎಂದೆ. ಬಿಡಬೇಡ. ಏಳುತ್ತದೆ.
ಆ ರಾತ್ರಿ ಗುಂಪಿಗೆ ಬಂದಿಳಿದರು
ಮೂವತ್ತೊಂದು ಅಜ್ಜಂದಿರು,
ಒಬ್ಬನದು ಮಾತ್ರ ಗಾಳಿಗೆ ಸಿಕ್ಕ ಟೋಪಿ, ಸೊಟ್ಟ.

ನಮ್ಮ ಭಾಷೆಯಲ್ಲಿ ಇರುವುದಕ್ಕೆ ಎರಡು ಕ್ರಿಯಾಪದ.
ಸೆರ್, ನೆಲೆಯೂರಿದ್ದಕ್ಕೆ. ಎಶ್ತಾರ್, ಬಂದುಹೋಗುವುದಕ್ಕೆ.
ಹೆಣ್ಣಾಗಿದ್ದೇನೆ: ಸೆರ್. ದಣಿದಿದ್ದೇನೆ: ಎಶ್ತಾರ್.
ಸುಲಭ, ಎಂದಿದ್ದೆ.
ಮೂವತ್ತೆರಡು ವರ್ಷ ಅದನ್ನೇ ಹೇಳಿಕೊಂಡು ಬಂದಿದ್ದೆ.

ಮಾರ್ಚಿನ ಒಂದು ರಾತ್ರಿ ಹನ್ನೊಂದೂ ಮುಕ್ಕಾಲಿಗೆ
ದಿಲ್‌ಮಾಯಾ ಘರ್ತಿ ಬರೆದಳು:
ನನ್ನ ಅಪ್ಪ ಸತ್ತಿದ್ದಾನೆ.
ಸೆರ್ ಹಾಕಿದ್ದಳು.
ಚುಕ್ಕಿ ಮರೆತಿರಲಿಲ್ಲ.

ತಪ್ಪು. ಸಾವಿಗೆ ನಾವು ಹಾಕುವುದು ಎಶ್ತಾರ್.
ಬರೆದೆ, ಅಳಿಸಿದೆ. ಬರೆದೆ.
ಅಷ್ಟು ಹೊತ್ತೂ ಅವರ ಪರದೆಗಳಲ್ಲಿ
'ಲುರ್ದೆಶ್ ಬರೆಯುತ್ತಿದ್ದಾರೆ'
ಎಂದು ತೋರಿಸುತ್ತಲೇ ಇತ್ತು, ಹಾಳಾದ್ದು.

ಆಗ ಗುರ್‌ಲಾಲ್, ನಾಲ್ಕು ತಿಂಗಳಿಂದ ಬರೀ ಓದುತ್ತಿದ್ದವನು,
ಅವಳ ಸಾಲಿನ ಕೆಳಗೆ ಸರಿಯಾದ್ದನ್ನು ಬರೆದ.
ಅದರ ಕೆಳಗೆ ಇನ್ನೊಂದು, ಅದೇ ಕ್ರಿಯಾಪದದಲ್ಲಿ:
ನಾವು ಇಲ್ಲಿದ್ದೇವೆ.

ಬೆಳಿಗ್ಗೆ ಅವಳು ನನಗೊಬ್ಬಳಿಗೇ ಕೇಳಿದಳು:
ಟೀಚರ್, ಬಂದುಹೋಗುವುದಕ್ಕೆ ತಾನೇ ಅದು?
ಪುಸ್ತಕದಲ್ಲಿ ಉತ್ತರವಿದೆ, ಅರವತ್ತೆಂಟನೇ ಪುಟ,
ಕ್ರಿಯೆಯ ಫಲವಾಗಿ ಉಳಿದ ಸ್ಥಿತಿ ಅಂತ ಏನೋ.
ಕಾಫಿ ಆರಿತು. ಕಳಿಸಲಿಲ್ಲ.

ಒಂಬತ್ತು ದಿನ ಅವಳ ಸಾಲಿಲ್ಲ.
ಬಸ್ಸು ತಡ, ಎಂದು ಬರೆದ ಖೇಮ್.
ಕಂಟೇನರಿನ ಬಾಡಿಗೆ ಏರಿತು, ಎಂದರು ಯಾರೋ.
ತಿದ್ದುತ್ತಾ ಹೋದೆ.

ಹತ್ತನೆಯ ದಿನ, ಗಿಡಗಳ ನಡುವಿನಿಂದ:
ಮಗ ಫೋನಿನಲ್ಲಿ ಕೇಳುತ್ತಾನೆ ಅಜ್ಜ ಎಲ್ಲಿದ್ದಾನೆ

ಕ್ರಿಯಾಪದ ಸರಿ.
ಟೋಪಿಯೂ ಸರಿ, ನೆಟ್ಟಗೆ ಕೂತಿದೆ;
ಎಷ್ಟು ಹೊತ್ತು ಒತ್ತಿ ಹಿಡಿದಿದ್ದಳೋ.
ಕೊನೆಗೆ ಚುಕ್ಕಿಯಿಲ್ಲ, ಪ್ರಶ್ನೆಯ ಕೊಕ್ಕೆಯೂ ಇಲ್ಲ.

ಹಾಕಲಿಲ್ಲ ನಾನು.