ತರಿ

ಹುಬ್ಬಳ್ಳಿಯ ಕಂಪನಿಯ ಹುಡುಗ ಒಂದು ವಾರಕ್ಕೆಂದು ಬಿಟ್ಟುಹೋದ
ಲೇಸರ್ ಯಂತ್ರ ಮೂಲೆಯಲ್ಲಿ ನಿಂತಿದೆ,
ಮದುವೆಗೆ ಬಂದ ದೂರದ ನೆಂಟನ ಹಾಗೆ:
ಕೂರುವುದಿಲ್ಲ, ಹೋಗುವುದೂ ಇಲ್ಲ.

ಕೋಡಿಬಾಗದ ಈ ಕ್ಲಿನಿಕ್ಕಿನಲ್ಲಿ ಹತ್ತೊಂಬತ್ತು ವರ್ಷ
ನಾನು ನೆಚ್ಚಿದ್ದು ಸಿರಿಂಜಿನ ನೀಲಿ ಜೆಲ್ಲನ್ನು.
ಆಮ್ಲ. ಹದಿನೈದು ಎಣಿಸುವಷ್ಟು ಹೊತ್ತು.
ತೊಳೆದು ಗಾಳಿ ಊದಿದರೆ
ಹೊಳೆಯುತ್ತಿದ್ದ ಹಲ್ಲು ಸುಣ್ಣದ ಬಿಳುಪಿಗೆ ತಿರುಗಿ
ಕಾಣದ ಸಾವಿರ ಗುಳಿಗಳು ಬಾಯಿ ತೆರೆದು ಕಾಯುತ್ತವೆ.

ಇವತ್ತು ಕುರ್ಚಿಯಲ್ಲಿ ಉಲ್ಲಾಸ ಬಾನಾವಳಿ,
ಬೈತಖೋಲದಲ್ಲಿ ಫೈಬರ್ ದೋಣಿ ರಿಪೇರಿ ಮಾಡುವವ.
ರಾಟೆಯ ಕೊಕ್ಕೆ ಜಾರಿ ಮುಂದಿನ ಹಲ್ಲು ಅರ್ಧ ಹೋಗಿದೆ.
ನಗು ಬಂದರೆ ಮೇಲ್ದುಟಿಯನ್ನು ಪರದೆಯಂತೆ ಎಳೆದುಕೊಳ್ಳುತ್ತಾನೆ.

"ಅದರಲ್ಲಿ ಮಾಡಿದರೆ?" ಕಣ್ಣು ಮೂಲೆಗೆ.
ಹೇಳಿದೆ: ಅದು ಬೆಳಕು. ಹಲ್ಲಿನೊಳಗಿನ ನೀರನ್ನೇ ಸಿಡಿಸಿ
ಒಗ್ಗರಣೆಯ ಸಾಸಿವೆಯ ಸದ್ದಿನಲ್ಲಿ ಮೈ ಒಡೆಯುತ್ತದೆ.
ಹುಳುಕು ತೆಗೆಯಲು ಚೆನ್ನ, ಡ್ರಿಲ್ಲಿಗೆ ಹೆದರುವ ಮಕ್ಕಳಿಗೂ.
ಅಂಟಿಸಲಿಕ್ಕೆ ಮಾತ್ರ... ತುಸು ಹೆಚ್ಚಾದರೆ
ಒಳಪದರದಲ್ಲಿ ಕೂದಲೆಳೆಯ ಬಿರುಕು ಉಳಿದೀತು.
ಎಷ್ಟೋ ಜನ ಲೇಸರಿನ ಮೇಲೂ ಮತ್ತೆ ಆಮ್ಲ ಹಚ್ಚುತ್ತಾರೆ.

"ನಮ್ಮಲ್ಲೂ ಇದೇ ಜಗಳ," ಅಂದ,
"ಗ್ರೈಂಡರೋ, ಪಾಲಿಶ್ ಪೇಪರೋ.
ಗ್ರೈಂಡರ್ ಬೇಗ. ಕೈ ತಡೆಯದಿದ್ದರೆ ಒಳಗಿನ ನಾರೇ ಸೀಳುತ್ತದೆ.
ತರಿ ಬೇಕು ಡಾಕ್ಟರೇ, ಗಾಯ ಬೇಡ.
ನುಣುಪಿನ ಮೇಲೆ ರೆಸಿನ್ ಹೊಯ್ದರೆ
ದೇವಗಡ ದಾಟುವುದರೊಳಗೆ ಸಿಪ್ಪೆ."

ಅವನ ಬಾಯಿಗೆ ಹತ್ತಿ ಇಟ್ಟೆ.
ನೀಲಿ ಜೆಲ್. ಹದಿನೈದು. ನೀರು. ಗಾಳಿ. ಸುಣ್ಣ.
ಅಷ್ಟರಲ್ಲಿ ನಾಲಿಗೆ, ಏನಾಯಿತೆಂದು ನೋಡಲು ಬಂದ ಬೆಕ್ಕು,
ಒಮ್ಮೆ ಸವರಿ ಹೋಯಿತು.
"ಮುಟ್ಟಬೇಡ ಅಂದಿದ್ದೆನಲ್ಲ!"
ಒಂದು ಹನಿ ಎಂಜಲಿಗೆ ಎಲ್ಲ ಕೆಟ್ಟಿತು. ಮತ್ತೆ ಮೊದಲಿನಿಂದ ಹದಿನೈದು.

ಶನಿವಾರ ಯಂತ್ರ ವಾಪಸು ಹೋಯಿತು.
ಫಾರ್ಮಿನಲ್ಲಿ ಅಭಿಪ್ರಾಯ ಎಂಬ ಸಾಲನ್ನು ಖಾಲಿ ಬಿಟ್ಟೆ.
ಅದರ ಬೆಲೆಗೆ ಎರಡು ದೋಣಿ ಬರುತ್ತದೆ,
ಎಂಜಿನ್ ಸಮೇತ.

ಸಂಜೆ ಬಾಂಗಡೆಗೆಂದು ಬೈತಖೋಲಕ್ಕೆ ಹೋದವಳ ಎದುರು
ಮಗುಚಿಟ್ಟ ಒಂದು ದೋಣಿ,
ಆಗಷ್ಟೇ ಉಜ್ಜಿದ ಹೊಟ್ಟೆ, ಹೊಳಪು ಸತ್ತ ಬಿಳಿ.
ನನಗೆ ಗೊತ್ತಿರುವ ಬಿಳಿ.
ಬೆರಳು ತಾನಾಗಿ ಮುಂದೆ ಹೋಯಿತು.

"ಡಾಕ್ಟರೇ, ಮುಟ್ಟಬೇಡಿ! ಕೈಯೆಣ್ಣೆ ಹತ್ತುತ್ತದೆ!"
ದೋಣಿಯ ಆಚೆಯಿಂದ ಕೂಗಿ, ನಕ್ಕ.
ಮೇಲ್ದುಟಿ ಕೆಳಗೆ ಬರಲೇ ಇಲ್ಲ.