ನೆತ್ತಿಗೆ ಕನ್ನಡಿ

ವಾಸ್ಕೋದಾಗ ನನ್ನ ಅಂಗಡಿ. ಮೂರು ಕುರ್ಚಿ,
ಒಂದಕ್ಕ ಕಾಲಿಲ್ಲ, ಇಟ್ಟಂಗಿ ಕೊಟ್ಟೀನಿ.
ದಿನಾ ಸಂಜೀಕೆ ಕೂದಲಾ ಗುಡಿಸಿ ಚೀಲಕ್ಕ ತುಂಬತೀನಿ:
ಹಡಗಿನವರದು, ಮೀನಿನವರದು, ರೈಲಿನ ಕಲಾಶಿಗಳದು.
ಯಾವುದು ಯಾರದು ಅಂತ ಇಪ್ಪತ್ತು ವರ್ಷ ಕೇಳಿಲ್ಲ.

ಮನ್ಯಾಗ ಮಾತ್ರ ಕೇಳ್ತಿದ್ದೆ.
ದಿಂಬಿನ ಕೆಳಗ, ಇತಿಹಾಸದ ಪುಸ್ತಕದ ನಡುವ,
ಬಚ್ಚಲದ ಜಾಲಿಗೆ ಸುತ್ತಿಕೊಂಡು
ಉದ್ದನ ಕರೀ ಎಳಿ, ತುದಿಗೊಂದು ಬಿಳೀ ಬೇರು.
ಕತ್ತರಿ ಕಂಡ ಕೂದಲಕ್ಕ ಬೇರಿರೂದಿಲ್ಲ.
ನನಗದು ಗೊತ್ತು.

"ಯಾಕ ಕಿತ್ಕೊಳ್ತಿ ದಾಕ್ಷಾ? ಕೈ ಸುಮ್ನ ಇರಾಕಿಲ್ಲೇನು?"
ಬೈದೆ. ಹರಳೆಣ್ಣಿ ಹಚ್ಚಿದೆ, ಬೆರಳು ಜಾರಲಿ ಅಂತ.
ಅಕಿ ಅವ್ವ ಕೈಗೆ ಕಾಲುಚೀಲ ತೊಡಿಸಿ ಮಲಗಿಸಿದ್ಲು.
ಓಣ್ಯಾಗ ಒಬ್ರು ದೃಷ್ಟಿ ಅಂದ್ರು, ಒಬ್ರು ಪಿತ್ತ ಅಂದ್ರು,
ಬಾಜೂಕಿನ ರೊಜಾಲಿನ್ ಬಾಯಿ ಮೇಣಬತ್ತಿ ಹಚ್ಚಿ ಬಂದ್ಳು.

ಕಡೀಕೆ ಒಂದು ಐತವಾರ
ನಾನ ಬೋಳಿಸಿದೆ.
ಹದಿನಾಲ್ಕು ವರ್ಷದ ಹುಡುಗಿ. ಹೊಸಾ ಬ್ಲೇಡು ಹಾಕಿದ್ದೆ,
ಒಂದು ಗೀರೂ ಬೀಳಲಿಲ್ಲ.
ಇಷ್ಟು ಚಂದ ಕೆಲಸ ನಾ ಯಾವತ್ತೂ ಕೆಟ್ಟದ್ದಕ್ಕ ಮಾಡಿರಲಿಲ್ಲ.
ಎಂಟು ದಿನಕ್ಕ ಅಕಿ ಹುಬ್ಬು ಹೋದವು.
ಆಮ್ಯಾಲ ರೆಪ್ಪಿ.

ಚಿಖಲಿ ದವಾಖಾನ್ಯಾಗ ಡಾಕ್ಟರಬಾಯಿ ಹೇಳಿದ್ದು ಹಿಂದ್ಯಾಗ.
ದಾಕ್ಷಾನ ಅವ್ವಗ ಕನ್ನಡ ಮಾಡಿ ಹೇಳಿದ್ಲು,
ಬ್ಯಾರೆ ಯಾರದೋ ಸುದ್ದಿ ಹೇಳಿದಂಗ:
"ಹಟ ಅಲ್ಲಂತ. ಚಟಾನೂ ಅಲ್ಲಂತ.
ಬೈದ್ರ ಹೆಚ್ಚಾಗ್ತೈತಂತ. ಎಣಿಸಬಾರದಂತ."

ಎಣಿಸೂದು ಬಿಡೂದು ಸಸಾರಲ್ಲ.
ಹಾಸಗಿ ಕೊಡವುವಾಗ ಕಣ್ಣು ತಾನ ಎಣಿಸ್ತೈತಿ.
ಬಂದರದ ಕಲ್ಲಿದ್ದಲ ಧೂಳು ಕಿಡಕಿ ಮ್ಯಾಲ ಕೂತಿರ್ತೈತಿ,
ಅದನ್ನ ಒರಸ್ತೀನಿ.
ಅದನ್ನಷ್ಟ ಒರಸ್ತೀನಿ.

ಅಕ್ಕಿ ಆರಿಸೂ ಅವ್ವನ ಪಕ್ಕ ಕೂತು ಒಮ್ಮೆ ತಾನ ಅಂದ್ಲು:
"ಒಂದು ಕೂದಲ ತಪ್ಪಾಗಿರ್ತೈತಿ, ಒರಟು. ಬೆರಳಿಗೆ ಸಿಗ್ತೈತಿ,
ಅಕ್ಕ್ಯಾಗ ಹರಳು ಸಿಕ್ಕಂಗ.
ಅದೊಂದು ತಗದ್ರ ಎಲ್ಲಾ ಸರಿ ಹೋಗ್ತೈತಿ ಅನಸ್ತೈತಿ.
ಸರಿ ಹೋಗೂದಿಲ್ಲ.
ಇನ್ನೊಂದು ಇರ್ತೈತಿ."
ಅವ್ವ ಮರ ಕೆಳಗಿಟ್ಲು.

ಈಗ ಓದೂ ಮುಂದ ಅಕಿ ಕೈಯಾಗ
ನನ್ನ ಹಳೇ ಸಾಬೂನಿನ ಬ್ರಶ್ ಇರ್ತೈತಿ.
ಸವರಿ ಸವರಿ, ಒಂದೊಂದ ಕಿತ್ತು ಕಿತ್ತು
ಬ್ರಶ್ ಬಕ್ಕಾಗೈತಿ. ಆಗಲಿ.
ಎಂಬತ್ತು ರೂಪಾಯಿಗೆ ಇನ್ನೊಂದು ಬರ್ತೈತಿ.

ಮಂಗಳವಾರ ಅಂಗಡಿ ರಜಾ.
ಶಟರ್ ಅರ್ಧ ಎಳದು ಕೂತಿದ್ದೆ. ಬಂದ್ಳು,
ಇಟ್ಟಂಗಿ ಕುರ್ಚ್ಯಾಗ ಕೂತು ಸ್ಕಾರ್ಫು ತಗದ್ಲು.
ತಾನಾಗಿ. ನಾ ಕೇಳಿರಲಿಲ್ಲ.
"ಹಿಂದ ತೋರಸು ಅಪ್ಪಾ. ಗಿರಾಕಿಗೆ ತೋರಿಸ್ತಿಯಲ್ಲ, ಹಂಗ."

ಅಂಗೈ ಹುಣ್ಣಿಗೆ ಕನ್ನಡಿ ಯಾಕ ಅಂತಾರ.
ನೆತ್ತೀದು?
ಕೈಗನ್ನಡಿ ಹಿಡದೆ. ಇಪ್ಪತ್ತು ವರ್ಷದಾಗ ಮೊದಲನೇ ಸಲ
ಕೈ ನಡುಗಿತು, ಕನ್ನಡಿಯಾಗ ಅಕಿ ತಲಿ ಅಲುಗಾಡಿತು.
"ಸುಮ್ನ ಹಿಡಿ," ಅಂದ್ಲು.
ಹಿಡದೆ.
ಬಕ್ಕನ ಬಯಲು, ಅಂಚಿಗಷ್ಟು ಸಣ್ಣ ಕರೀ ಮೊಳಕಿ.
ಬಾಳೊತ್ತು ನೋಡಿದ್ಲು.
ಆಮ್ಯಾಲ ಮೀನಿನವರ ದನಿ ತಗದು "ಬರೆಂ ಆಸಾ" ಅಂದ್ಲು,
ನಕ್ಕಳು. ನಾ ನಗಲಾರದ
ಏನೂ ಇಲ್ಲದ ಬಟ್ಟಿ ಝಾಡಿಸಿದೆ.

ರಾತ್ರಿ ಹಡಗು ಕೂಗಿದ ಮ್ಯಾಲ
ಗ್ವಾಡಿ ಆಚೆ ಮತ್ತ ಆ ಸದ್ದು.
ಸದ್ದು ಅನ್ನಾಕೂ ಸಾಲದ್ದು, ನನ್ನ ಕಿವಿಗಷ್ಟ ಕೇಳೂದು.
ಎದ್ದೆ. ದೀಪ ಹಚ್ಚಲಿಲ್ಲ, ಹೆಸರು ಹಿಡದು ಕೂಗಲಿಲ್ಲ.
ಹೊಸ್ತಿಲದಾಗ ಕೂತು
"ನಿದ್ದಿ ಬರವಲ್ದು, ಚಾ ಇಡ್ಲೇನು?" ಅಂದೆ.
ಕತ್ತಲಾಗ ಸ್ವಲ್ಪ ಹೊತ್ತು ಏನೂ ಇಲ್ಲ.
"ಶುಂಠಿ ನಾ ಜಜ್ಜತೀನಿ," ಅಂತ ಬಂದ್ಳು,
ಎರಡೂ ಕೈ ಮುಂದ ಚಾಚಿಕೊಂಡು.