ಮೂರು ಗಿಳಿ ಹಲ್ಲುಪುಡಿ

ಮೀಟರ್ ಓದುವ ಕೆಲಸ ನನ್ನದು, ಮೂವತ್ತೊಂದು ವರ್ಷ.
ಮೀಟರುಗಳೆಲ್ಲ ಮೆಟ್ಟಿಲ ಕೆಳಗೆ,
ಜೇಡ, ಕಿತ್ತ ಚಪ್ಪಲಿ, ಮುರಿದ ತೊಟ್ಟಿಲ ಜೊತೆ.
ಟಾರ್ಚು ಬಿಟ್ಟರೆ ಅಂಕಿಗಿಂತ ಮೊದಲು
ಯಾವುದೋ ಬಿಸ್ಕತ್ತಿನ ಡಬ್ಬ ನನ್ನನ್ನು ನೋಡುತ್ತಿತ್ತು:
ಪೇಟದ ಸಾಹುಕಾರ, ಮೀಸೆಯಷ್ಟಕ್ಕೇ ತುಕ್ಕು.
ಹಾಗೆ ಹತ್ತಿದ ಹುಚ್ಚು.

ಮನೆಯಲ್ಲಿ ಕಾಲಿಡಲು ಜಾಗವಿಲ್ಲ ಅನ್ನುತ್ತಾಳೆ ವನಮಾಲಾ.
ಸುಳ್ಳಲ್ಲ.
ಸೋಡಾ ಕಂಪನಿಯ ತಟ್ಟೆಗಳು ಹನ್ನೆರಡು,
ಒಂದರಲ್ಲೂ ನೆಂಟರಿಗೆ ಕಾಫಿ ಕೊಡುವ ಹಾಗಿಲ್ಲ.
ನಶ್ಯದ ಡಬ್ಬಿಯೊಂದಿದೆ,
ಖಾಲಿಯಾಗಿ ಐವತ್ತು ವರ್ಷ,
ಮುಚ್ಚಳ ತೆಗೆದರೆ ಇವತ್ತಿಗೂ ಸೀನು.

ಭಾನುವಾರ ಚಿಕ್ಕಪೇಟೆಯಲ್ಲಿ ಷಟರುಗಳು ಏಳುವ ಮೊದಲೇ
ಗೌಸ್ ಪೀರ್ ಟಾರ್ಪಾಲು ಹಾಸಿ
ಊರಿನ ಅಟ್ಟವನ್ನೆಲ್ಲ ಕೆಳಗೆ ಸುರಿಯುತ್ತಾನೆ:
ನಲ್ಲಿ, ಒಂಟಿ ಬೂಟು, ಯಾರದೋ ಮದುವೆ ಫೋಟೋ,
ಆಸಿಡ್ಡಿನಲ್ಲಿ ಮುಳುಗೆದ್ದ ಮೊನ್ನೆಯ 'ಹಳೇ' ಬೋರ್ಡುಗಳು.
ಉಗುರಿನಿಂದ ತಟ್ಟಿ ನೋಡುತ್ತೇನೆ.
ನಿಜದ ಎನಾಮಲ್ಲು ಟಿಣ್ ಅನ್ನುತ್ತದೆ, ಪಿಂಗಾಣಿಯ ಹಾಗೆ.
ಸುಳ್ಳು ಗೊಣಗುತ್ತದೆ.
"ಸುಮ್ನೆ ತಟ್ಟಬೇಡಿ ಸಾರ್.
ದೊಡ್ಡಮಾವಳ್ಳಿಗೆ ಹೋಗಿ, ಮುನಿವೆಂಕಟಮ್ಮನ ವಠಾರ.
ಅಲ್ಲೊಂದು, ಬಚ್ಚಲಿಗೆ ಬಾಗಿಲಾಗಿದೆ."

ಬಾಗಿಲೇ. ಎರಡು ಕೀಲು, ಚಿಲಕಕ್ಕೆ ಹಗ್ಗದ ತುಂಡು,
ಸಾಲದ ಎತ್ತರಕ್ಕೆ ಮೇಲೊಂದು ಗೋಣಿ.
ಹೊರಗಡೆ ಅರಿಸಿನದ ಹಳದಿಯಲ್ಲಿ ಒಬ್ಬಳು ನಗುತ್ತಿದ್ದಳು,
ಮೂಗುಬೊಟ್ಟು, ಎರಡು ಜಡೆ.
ತಲೆಯ ಮೇಲೆ ಮೂರು ಗಿಳಿ,
ಒಂದನ್ನು ಕೀಲು ಅರ್ಧ ತಿಂದಿತ್ತು.
*ಮುತ್ತಿನಂಥ ಹಲ್ಲಿಗೆ. ಡಬ್ಬಿ ಒಂದಕ್ಕೆ ನಾಲ್ಕಾಣೆ.*
ಯಾವ ಹುಡುಗನ ಗುರಿಯೋ, ಕಲ್ಲು ಬಿದ್ದು
ಎನಾಮಲ್ಲು ಹಾರಿದ್ದು ಸರಿಯಾಗಿ ಮುಂದಿನ ಹಲ್ಲಿನಲ್ಲಿ.
ಆದರೂ ಅವಳು ಬಾಯಿ ಮುಚ್ಚಿರಲಿಲ್ಲ.

ಆರು ಸಾವಿರ, ಮೇಲೊಂದು ಪ್ಲಾಸ್ಟಿಕ್ ಬಾಗಿಲು,
ಬಚ್ಚಲಿಗೆ ನಾನೇ ನಿಂತು ಹಾಕಿಸಬೇಕು.
ಒಪ್ಪಿದೆ. ಕಳಚಿ, ಗೋಡೆಗೆ ತಿರುಗಿಸಿ ಇಟ್ಟೆವು.
ಹಿಂಬದಿಯ ಕಪ್ಪಿನ ಮೇಲೆ ಗೀಟುಗಳು,
ಮೊಳೆಯಲ್ಲಿ ಕೆರೆದವು, ಒಂದರ ಮೇಲೊಂದು.
"ಅದಾ? ದೀಪಾವಳಿ ಎಣ್ಣೆನೀರಿಗೆ
ಹುಡುಗರನ್ನ ಸಾಲಾಗಿ ನಿಲ್ಲಿಸ್ತಿದ್ದರು ನಮ್ಮೋರು.
ಇದು ಪಿಳ್ಳಪ್ಪ. ಇದು ಸಂಪಂಗಿ. ಇದೂ ಸಂಪಂಗೀನೇ."
ಮೊಣಕಾಲ ಮಟ್ಟದಲ್ಲಿ ಒಂದೇ ಒಂದು ಗೀಟು.
ಕೇಳಲೋ ಬೇಡವೋ ಅಂತ ನಿಂತೆ.
"ಅದು ಮೇಕೆ.
ಆ ವರ್ಷ ಅದಕ್ಕೂ ಎಣ್ಣೆ ಹಚ್ಚಿದ್ದರು, ಮುಂಡೇವು."
ಆಮೇಲೆ, ದುಡ್ಡು ಕಡಿಮೆಯಾದೀತೆಂದೋ ಏನೋ,
"ಕಪ್ಪು ಬಣ್ಣ ಬಳಿದುಬಿಡಿ ಸ್ವಾಮಿ, ಏನೂ ಕಾಣಲ್ಲ."

ಹಿಂದಿನ ರೀಡಿಂಗು, ಈಗಿನ ರೀಡಿಂಗು,
ಕಳೆದರೆ ಉರಿದ ಯೂನಿಟ್ಟು:
ಬದುಕಿಡೀ ಮಾಡಿದ್ದು ಇದೇ ಲೆಕ್ಕ.
ಪಿಳ್ಳಪ್ಪ ಒಂದು ವರ್ಷದಲ್ಲಿ ನಾಲ್ಕು ಬೆರಳು.
ಸಂಪಂಗಿ ಎರಡೇ, ಮರುವರ್ಷ ಗೇಣು.

ತಂದು ಮೂರು ತಿಂಗಳಾಯಿತು, ಮೊಳೆ ಹೊಡೆದಿಲ್ಲ.
ಯಾವ ಮುಖ ಗೋಡೆಗೆ ಅಂತ ತಿಳಿಯುತ್ತಿಲ್ಲ.
ನಡುಮನೆಯಲ್ಲಿ ಇಟ್ಟಾಗ ವನಮಾಲಾ ಎರಡು ಸಲ ಎಡವಿದಳು,
ಮೆಟ್ಟಿಲ ಕೆಳಗೆ ತಳ್ಳಿದಳು.

ನಿನ್ನೆ ಬಂದ ಹೊಸ ಹುಡುಗ, ಕೈಯಲ್ಲಿ ಮಿಷನ್ನು.
ಬೋರ್ಡನ್ನು ಕಾಲಲ್ಲಿ ಪಕ್ಕಕ್ಕೆ ಸರಿಸಿ,
ಟಾರ್ಚು ಬಿಟ್ಟ. ಅಂಕಿ ನೋಡಿದ. ಬಿಲ್ಲು ಹರಿದು ಕೊಟ್ಟ.
ಇನ್ನೂ ಹೊಸಬ.
ಕಲಿಯುತ್ತಾನೆ.